ಬಿಸಿಲಿಗೆ ಬಿರಿಯದ ಕಾಂಕ್ರೀಟ್ ಅಂಗಳ: ಈ ಸಲ ಹೇಗೆ ಹಾಕಿಸಲಿ?

ಬಾಣಾವರ_ತೋಟದಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಅರಸೀಕೆರೆ ತಾಲ್ಲೂಕು, ಬಾಣಾವರದ ಹತ್ತಿರ ಒಂದು ಹಳ್ಳಿ. ಮನೆ ಮುಂದೆ 30 ಅಡಿ ಉದ್ದ, 20 ಅಡಿ ಅಗಲದ ಅಂಗಳ ಇದೆ, ಪಶ್ಚಿಮಕ್ಕೆ ಮುಖ. ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೂ ಬಿಸಿಲು ನೇರ ಹೊಡೆಯುತ್ತದೆ, ಒಂದು ಚೂರೂ ನೆರಳಿಲ್ಲ. ಮೂರು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಕಾಂಕ್ರೀಟ್ ಹಾಕಿಸಿದ್ದೆ. ಬೆಳಗ್ಗೆ ಹತ್ತಕ್ಕೆ ಶುರು ಮಾಡಿ ಸಂಜೆ ನಾಲ್ಕಕ್ಕೆ ಇಡೀ ಅಂಗಳ ಮುಗಿಸಿಬಿಟ್ಟರು. ಮಾರನೇ ದಿನ ಎದ್ದು ನೋಡಿದರೆ ಆಗಲೇ ಕೂದಲೆಳೆಯಂಥ ಗೀರುಗಳು. ಮೇಸ್ತ್ರಿಯನ್ನು ಕೇಳಿದರೆ ಅದೇನೂ ಆಗಲ್ಲ, ನೀರು ಹೊಡೀರಿ ಅಂದರು. ನಾಲ್ಕು ದಿನ ಬೆಳಗ್ಗೆ ಸಂಜೆ ಪೈಪ್ ಹಿಡಿದು ನೀರು ಹೊಡೆದೆ. ವರ್ಷ ತುಂಬುವಷ್ಟರಲ್ಲಿ ನಡುಮಧ್ಯೆ ಅಡ್ಡಡ್ಡ ಸೀಳಿತು. ಈಗ ಆ ಬಿರುಕಿನಲ್ಲಿ ಐದು ರೂಪಾಯಿ ನಾಣ್ಯ ನೆಟ್ಟಗೆ ನಿಲ್ಲುತ್ತದೆ.

ಬಿರುಕಿಗಿಂತ ಜಾಸ್ತಿ ಬೇಜಾರು ಮೇಲಿನ ಪುಡಿಯದು. ಗುಡಿಸಿದಷ್ಟೂ ಬೂದಿ ಥರ ಏಳುತ್ತದೆ. ಹೋದ ಸಲ ರಾಗಿ ಇಲ್ಲೇ ಒಣಗಿಸಿದೆವು. ಎಷ್ಟು ತೂರಿ, ಎಷ್ಟು ಜರಡಿ ಹಿಡಿದರೂ ಮುದ್ದೆ ನುಂಗುವಾಗ ನಾಲಿಗೆಗೆ ಕರಕರ ಸಿಗುತ್ತಿತ್ತು. ಮನೆಯವರೆಲ್ಲ ತಿನ್ನುವ ಕಾಳು, ಹಾಗಾಗಬಾರದು ಅಲ್ವಾ.

ಈ ಸಲ ಪೂರ್ತಿ ಸರಿಯಾಗಿ ಮಾಡಿಸಬೇಕು. ದಪ್ಪ ಎಷ್ಟಿರಬೇಕು? ಕಬ್ಬಿಣ ಹಾಕಲೇಬೇಕಾ? ಹಳೇದರ ಮೇಲೇ ಹಾಕಬಹುದಾ? ಮಾರ್ಚ್‌ನಲ್ಲಿ ಮಾಡಿಸಿದರೆ ತೊಂದರೆಯಾ, ಇಲ್ಲ ಮಳೆ ಮುಗಿಯುವವರೆಗೂ ಕಾಯಲಾ? ಇನ್ನೊಂದು, ಅಮ್ಮನಿಗೆ ಬರಿಗಾಲಲ್ಲಿ ಓಡಾಡಿ ಅಭ್ಯಾಸ. ಮಧ್ಯಾಹ್ನ ಅಂಗಳ ದಾಟೋಕೆ ಆಗುವುದಿಲ್ಲ, ಕಾಲು ಸುಡುತ್ತದೆ. ಅದಕ್ಕೇನಾದರೂ ದಾರಿ ಇದೆಯಾ?

ಹಾಸನ_ಸೈಟ್

ನಾನು ಹಾಸನದಲ್ಲಿ ಸೈಟ್ ಕೆಲಸ ನೋಡಿಕೊಳ್ಳುವವನು. ನೀವು ಹೇಳಿದ್ದರಲ್ಲಿ ಮೂರು ಬೇರೆ ಬೇರೆ ರೋಗ ಇವೆ. ಮೂರನ್ನೂ ಒಂದೇ ಅಂದುಕೊಂಡರೆ ಮದ್ದು ತಪ್ಪುತ್ತದೆ.

ಮಾರನೇ ದಿನಕ್ಕೇ ಬಂದ ಕೂದಲೆಳೆ ಗೀರು ಬಿಸಿಲು ಗಾಳಿಯದು. ಕಾಂಕ್ರೀಟ್ ಇನ್ನೂ ಮೆತ್ತಗಿರುವಾಗಲೇ ಮೇಲಿನ ನೀರು ಆರಿಹೋದರೆ ಮೇಲ್ಪದರ ಕುಗ್ಗುತ್ತದೆ, ಕೆಳಗಿನದು ಕುಗ್ಗುವುದಿಲ್ಲ, ಆಗ ಸೀಳುತ್ತದೆ. ಕೆರೆ ಒಣಗಿದಾಗ ಕೆಸರು ಬಿರಿಯುತ್ತದಲ್ಲ, ಹಾಗೇ. ಬೆಳಗ್ಗೆ ಹತ್ತಕ್ಕೆ ಶುರು ಮಾಡಿದ್ದೇ ತಪ್ಪು. ಅಷ್ಟು ಹೊತ್ತಿಗೆ ಜೆಲ್ಲಿ ಕಾದಿರುತ್ತದೆ, ಮರಳು ಕಾದಿರುತ್ತದೆ, ಸಿಂಟೆಕ್ಸ್ ನೀರೂ ಬಿಸಿಯಾಗಿರುತ್ತದೆ.

ನಡುವಿನ ದೊಡ್ಡ ಸೀಳು ಜಾಯಿಂಟ್, ಅಂದರೆ ಬಿಲ್ಲೆಗಳ ನಡುವೆ ಬೇಕೆಂದೇ ಬಿಡುವ ಸಂದು, ಬಿಡದೇ ಹೋದದ್ದರಿಂದ. ಕಾಂಕ್ರೀಟ್ ಒಣಗುತ್ತಾ ಕುಗ್ಗಿಯೇ ಕುಗ್ಗುತ್ತದೆ, ಆಮೇಲೆ ಹಗಲು ಹಿಗ್ಗಿ ರಾತ್ರಿ ಕುಗ್ಗುತ್ತದೆ. 30 ಅಡಿ ಉದ್ದದ ಒಂದೇ ಬಿಲ್ಲೆ ಎಲ್ಲಾದರೂ ಸೀಳಲೇಬೇಕು. ಸೀಳಬೇಡ ಅಂತ ತಡೆಯೋಕಾಗುವುದಿಲ್ಲ, ಎಲ್ಲಿ ಸೀಳಬೇಕು ಅನ್ನುವುದನ್ನು ನಾವು ಮೊದಲೇ ಹೇಳಬಹುದು. 4 ಇಂಚು ದಪ್ಪಕ್ಕೆ 8ರಿಂದ 10 ಅಡಿಗೊಂದು ಜಾಯಿಂಟ್ ಬೇಕು. ನಿಮ್ಮ ಅಳತೆಗೆ 10×10ರ ಆರು ಚೌಕ ಸರಿಯಾಗಿ ಕೂರುತ್ತವೆ.

ನಾನು ನಿಮ್ಮ ಜಾಗದಲ್ಲಿದ್ದರೆ ಚೌಕ ಬಿಟ್ಟು ಚೌಕ ಹಾಕಿಸುತ್ತಿದ್ದೆ. ಮೊದಲ ದಿನ ಮೂರು, ಎರಡು ಮೂರು ದಿನ ಬಿಟ್ಟು ಉಳಿದ ಮೂರು. ನಡುವೆ ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ನಿಲ್ಲಿಸಿದರೆ ಹೊಸದು ಹಳೇದಕ್ಕೆ ಅಂಟುವುದಿಲ್ಲ, ಅದೇ ಜಾಯಿಂಟ್. ಕಟರ್ ಯಂತ್ರ ತರುವ ಖರ್ಚಿಲ್ಲ. 4 ಇಂಚಿನ ಲೆಕ್ಕದಲ್ಲಿ ಇಡೀ ಅಂಗಳಕ್ಕೆ 200 ಘನ ಅಡಿ ಕಾಂಕ್ರೀಟ್, ಸಿಮೆಂಟ್ ಸುಮಾರು 46 ಚೀಲ. ಅರ್ಧರ್ಧ ಮಾಡಿದರೆ ದಿನಕ್ಕೆ 23 ಚೀಲದ ಕೆಲಸ ಅಷ್ಟೇ. ಬೆಳಗ್ಗೆ ಆರಕ್ಕೆ ಶುರು ಮಾಡಿದರೆ ಬಿಸಿಲು ಏರುವ ಮೊದಲೇ ಮುಗಿಯುತ್ತದೆ. ಮನೆ ಗೋಡೆಗೆ ತಾಗುವ ಕಡೆ ಅರ್ಧ ಇಂಚು ಥರ್ಮಾಕೋಲ್ ಇಟ್ಟು ಬಿಡಿಸಿ. ಗೋಡೆಗೆ ಅಂಟಿಸಿದರೆ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ.

ಪುಡಿ ಏಳುವುದು ಬಹುಶಃ ನೀರು ಜಾಸ್ತಿ ಆಗಿ, ಮೇಲೆ ಸಿಮೆಂಟ್ ಪುಡಿ ಉದುರಿಸಿದ್ದಕ್ಕೆ. ಅದನ್ನು ಗಾರೆ ಕೆಲಸ ಮಾಡುವವರು ಯಾರಾದರೂ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಅರಸೀಕೆರೆ_ಗಾರೆ

ಹೌದು, ಹೇಳುತ್ತೇನೆ. ನಾನು ಇಪ್ಪತ್ತು ವರ್ಷದಿಂದ ಗಾರೆ ಕೆಲಸ ಮಾಡುತ್ತಿದ್ದೇನೆ, ಮೊದಲು ನಾವೂ ಹಾಗೇ ಮಾಡುತ್ತಿದ್ದೆವು.

ಆಗುವುದು ಏನೆಂದರೆ, ಗಟ್ಟಿಯಾಗಿ ಕಲಸಿದ ಮಾಲನ್ನು ಎಳೆಯೋಕೆ ಕಷ್ಟ, ಆಳುಗಳ ರಟ್ಟೆ ಬಿದ್ದುಹೋಗುತ್ತದೆ, ಅದಕ್ಕೇ ಮಿಕ್ಸರ್‌ಗೆ ಇನ್ನೊಂದು ಬಕೆಟ್ ನೀರು ಸುರಿಯುತ್ತಾರೆ. ಮಾಲು ಗಂಜಿ ಥರ ತಾನೇ ಹರಡಿಕೊಳ್ಳುತ್ತದೆ, ಮಟ್ಟಗೋಲು ಎಳೆದರೆ ಮುಗಿಯಿತು. ಆದರೆ ಜೆಲ್ಲಿ ಕೆಳಗೆ ಕೂತು ನೀರು, ಸಿಮೆಂಟ್ ಕೆನೆ ಮೇಲೆ ಬರುತ್ತದೆ. ಆ ನೀರು ಬೇಗ ಆರಲಿ ಅಂತ ಒಣ ಸಿಮೆಂಟ್ ಉದುರಿಸಿ ಕರಣೆಯಲ್ಲಿ ಉಜ್ಜುತ್ತಾರೆ. ಅವತ್ತು ಕನ್ನಡಿ ಥರ ಹೊಳೆಯುತ್ತದೆ, ಮನೆಯವರಿಗೂ ಖುಷಿ. ಆರು ತಿಂಗಳಿಗೆ ಆ ತೆಳು ಪದರ ಪುಡಿಯಾಗಿ ಏಳುತ್ತದೆ. ನಿಮ್ಮ ರಾಗಿಗೆ ಸೇರಿದ್ದು ಅದೇ.

ಒಂದು ಮರದ ಡಬ್ಬ ಮಾಡಿಸಿ. ಒಳ ಅಳತೆ 15 ಇಂಚು ಉದ್ದ, 12 ಅಗಲ, 12 ಎತ್ತರ. ಅದು ಒಂದು ಚೀಲ ಸಿಮೆಂಟಿನ ಅಳತೆ, ಒಂದೂಕಾಲು ಘನ ಅಡಿ. ಒಂದು ಚೀಲಕ್ಕೆ ಒಂದೂವರೆ ಡಬ್ಬ ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸುವ ಮರಳು), ಮೂರು ಡಬ್ಬ 20 ಎಂಎಂ ಜೆಲ್ಲಿ. ಬಾಂಡ್ಲಿ ಲೆಕ್ಕ ಬೇಡ, ಒಬ್ಬ ಗೋಪುರ ಕಟ್ಟಿ ತುಂಬುತ್ತಾನೆ, ಇನ್ನೊಬ್ಬ ಅರ್ಧ ತುಂಬುತ್ತಾನೆ. ನೀರು ಚೀಲಕ್ಕೆ 25 ಲೀಟರ್ ಆಸುಪಾಸು, ಏನೇ ಆದರೂ 30 ದಾಟಬಾರದು. ಮರಳು ಒದ್ದೆ ಇದ್ದರೆ ಇನ್ನೂ ಕಡಿಮೆ. ಪೈಪ್ ಹಿಡಿದು ಬಿಡಬೇಡಿ, ಬಕೆಟ್‌ನಲ್ಲಿ ಗುರುತು ಹಾಕಿಕೊಂಡು ಹಾಕಿ. ಮಾಲು ಗಟ್ಟಿ ಇರುತ್ತದೆ, ಅದಕ್ಕೆ ಮಾಲನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಯಂತ್ರ ಬಾಡಿಗೆಗೆ ತನ್ನಿ.

ಮಟ್ಟ ಮಾಡಿದ ಮೇಲೆ ಸುಮ್ನೆ ಬಿಡಿ. ಮೇಲೆ ನೀರಿನ ಹೊಳಪು ಕಾಣುತ್ತದೆ, ಆ ಹೊಳಪು ಹೋಗಿ ಮಂಕಾಗುವವರೆಗೂ ಕರಣೆ ಮುಟ್ಟಿಸಬೇಡಿ. ಹೆಬ್ಬೆರಳು ಒತ್ತಿ ನೋಡಿ, ಗುರುತು ಬೀಳಬೇಕು, ಬೆರಳಿಗೆ ನೀರು ಅಂಟಬಾರದು. ಆಗ ಮರದ ಉಜ್ಜುಗೋಲು ಆಡಿಸಿ. ಆ ಹೊತ್ತಿಗೆ ಗಾಳಿ ಬೀಸುತ್ತಿದ್ದರೆ ಪಶ್ಚಿಮದ ಕಡೆ ಟಾರ್ಪಾಲ್ ಕಟ್ಟಿ. ಒಣ ಸಿಮೆಂಟ್ ಚೀಲ ಅಂಗಳದ ಹತ್ತಿರ ಬರೋಕೇ ಬಿಡಬೇಡಿ.

ಕಡೂರು_ಹೊಲ

ನಾನು ಮೇಸ್ತ್ರಿ ಅಲ್ಲ, ಇಂಜಿನಿಯರೂ ಅಲ್ಲ. ನಮ್ಮ ಕಣದ ಕಥೆ ಹೇಳುತ್ತೇನೆ, ಯಾಕೆಂದರೆ ಮೇಲೆ ಯಾರೂ ಮಣ್ಣಿನ ಬಗ್ಗೆ ಕೇಳಲಿಲ್ಲ. ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆ ಬಂದರೆ ಉಬ್ಬುತ್ತದೆ. ಅದರ ಮೇಲೆ ನೇರ ಕಾಂಕ್ರೀಟ್ ಹಾಕಿಸಿದೆವು, ಒಳ್ಳೇ ಮಾಲು, ಒಳ್ಳೇ ಮೇಸ್ತ್ರಿ, ಕಬ್ಬಿಣವೂ ಇತ್ತು. ಎರಡು ಮಳೆಗಾಲಕ್ಕೆ ಒಂದು ಮೂಲೆ ಎದ್ದು ಇನ್ನೊಂದು ಕುಸಿಯಿತು. ಆಮೇಲೆ ಒಂದೂವರೆ ಅಡಿ ಎರೆ ತೆಗೆದು ಗ್ರಾವೆಲ್ ತುಂಬಿಸಿ ಮತ್ತೆ ಹಾಕಿಸಬೇಕಾಯಿತು. ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು.

ನಿಮ್ಮ ಕಡೆ ಕೆಂಪು ಮಣ್ಣಿದ್ದರೆ ಅಷ್ಟು ಭಯವಿಲ್ಲ. ಆದರೂ ಮೇಲಿನ ಸಡಿಲ ಮಣ್ಣು, ಬೇರು, ಕಾಯಿ ಸಿಪ್ಪೆ ಎಲ್ಲ ತೆಗೆಸಿ. 4ರಿಂದ 6 ಇಂಚು ಗ್ರಾವೆಲ್ ಹಾಕಿ, ನೀರು ಚಿಮುಕಿಸಿ, ಯಂತ್ರದಲ್ಲಿ ದಿಮ್ಮಸು ಹೊಡೆಸಿ. ಹಿಮ್ಮಡಿ ಊರಿ ತಿರುಗಿದರೆ ಗುಂಡಿ ಬೀಳಬಾರದು. ಕಾಯಿ ತುಂಬಿದ ಟ್ರ್ಯಾಕ್ಟರ್ ಅಂಗಳಕ್ಕೆ ಬರುತ್ತದಾ? ಬಂದರೆ 4 ಇಂಚು ಸಾಲದು, 6 ಹಾಕಿಸಿ.

ಕಬ್ಬಿಣದ ಬಗ್ಗೆ ಒಂದು ಮಾತು. ನಮ್ಮಲ್ಲಿ ಜಾಲರಿಯನ್ನು ನೆಲದ ಮೇಲೇ ಹಾಸಿ, ಅದರ ಮೇಲೆ ನಡೆದಾಡಿಕೊಂಡು ಕಾಂಕ್ರೀಟ್ ಸುರಿದಿದ್ದರು. ಒಡೆಸಿದಾಗ ನೋಡಿದರೆ ಕಂಬಿ ಎಲ್ಲ ತಳದಲ್ಲಿ, ಮಣ್ಣಿಗೆ ಅಂಟಿ ತುಕ್ಕು ಹಿಡಿದಿತ್ತು. ಹಾಕುವುದಾದರೆ ಕಂಬಿ ಕೆಳಗೆ ಕವರ್ ಬ್ಲಾಕ್ (ಸಣ್ಣ ಸಿಮೆಂಟ್ ತುಂಡು) ಇಟ್ಟು ಎತ್ತರಿಸಿ, ಇಲ್ಲದಿದ್ದರೆ ಹಾಕಲೇಬೇಡಿ.

ಹಾಸನ_ಸೈಟ್

ಕಡೂರಿನವರು ಹೇಳಿದ್ದು ನೂರಕ್ಕೆ ನೂರು ನಿಜ, ಮಣ್ಣನ್ನು ನಾನೇ ಮೊದಲು ಕೇಳಬೇಕಿತ್ತು. ಕಂಬಿ ಬಿರುಕನ್ನು ತಡೆಯುವುದಿಲ್ಲ, ಬಂದ ಬಿರುಕು ಅಗಲವಾಗದಂತೆ ಹಿಡಿದಿಡುತ್ತದೆ, ಅಷ್ಟೇ. ಬರೀ ಓಡಾಟಕ್ಕೆ, ಕಾಳು ಒಣಗಿಸೋಕೆ ಅಂದರೆ 10 ಅಡಿ ಚೌಕಕ್ಕೆ ಕಂಬಿ ಇಲ್ಲದೆಯೂ ನಡೆಯುತ್ತದೆ. ಆ ದುಡ್ಡನ್ನು ಗ್ರಾವೆಲ್ಲಿಗೂ ಕ್ಯೂರಿಂಗಿಗೂ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಒದ್ದೆ ಇಡುವುದು) ಹಾಕಿ ಅನ್ನುವುದು ನನ್ನ ಅಭಿಪ್ರಾಯ. ಟ್ರ್ಯಾಕ್ಟರ್ ಬರುವುದಾದರೆ 8 ಎಂಎಂ ಕಂಬಿ 8 ಇಂಚಿಗೊಂದರಂತೆ ಹಾಕಿ, ಮಧ್ಯಕ್ಕಿಂತ ಸ್ವಲ್ಪ ಮೇಲೆ ಇರಲಿ.

ಮೂಡಿಗೆರೆ_ಕಾಫಿಕಣ

ನಮ್ಮ ಕಡೆ ಕಾಫಿ ಒಣಗಿಸುವ ಕಣಗಳಿಗೆ ಬಿಸಿಲಿಗಿಂತ ಮಳೆಯೇ ಶತ್ರು, ಅದಕ್ಕೆ ಇಳಿಜಾರಿನ ಬಗ್ಗೆ ಹೇಳುತ್ತೇನೆ. 20 ಅಡಿ ಅಗಲಕ್ಕೆ 3 ಇಂಚು ಇಳಿಜಾರು ಕೊಡಿ, ಮನೆಯಿಂದ ಆಚೆಗೆ. ಕಣ್ಣಿಗೆ ಗೊತ್ತೇ ಆಗುವುದಿಲ್ಲ, ನೀರೂ ನಿಲ್ಲುವುದಿಲ್ಲ. ಇಳಿಜಾರನ್ನು ಗ್ರಾವೆಲ್ ಹಂತದಲ್ಲೇ ಕೊಡಬೇಕು, ಕಾಂಕ್ರೀಟ್‌ನಲ್ಲಿ ಕೊಡೋಕೆ ಹೋದರೆ ಒಂದು ಕಡೆ ತೆಳ್ಳಗಾಗುತ್ತದೆ. ರಾಗಿ ಸಣ್ಣ ಕಾಳು, ಜಾಯಿಂಟಿಗೆ ಇಳಿದುಬಿಡುತ್ತದೆ. ತಿಂಗಳು ಬಿಟ್ಟು ಪಿಯು ಸೀಲೆಂಟ್ (ರಬ್ಬರಿನಂತೆ ಹಿಗ್ಗಿ ಕುಗ್ಗುವ ಪಾಲಿಯುರೆಥೇನ್ ಅಂಟು) ತುಂಬಿಸಿ. ಡಾಂಬರು ಬೇಡ, ನಿಮ್ಮ ಬಿಸಿಲಿಗೆ ಕರಗಿ ಕಾಳಿಗೆ ಅಂಟುತ್ತದೆ.

ಬಾಣಾವರ_ತೋಟದಮನೆ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಮಣ್ಣು ಕೆಂಪು. ಟ್ರ್ಯಾಕ್ಟರ್ ಅಂಗಳಕ್ಕೆ ಬರುವುದಿಲ್ಲ, ಕಾಯಿ ರಾಶಿ ಹಿತ್ತಲಲ್ಲಿ. ಉಳಿದಿದ್ದು ನೀರಿನ ಚಿಂತೆ. ಬೋರ್‌ವೆಲ್ ಮಾರ್ಚ್‌ಗೆ ಸೊರಗುತ್ತದೆ, ತೆಂಗಿಗೇ ಸಾಲುವುದಿಲ್ಲ. ಎಷ್ಟು ದಿನ, ಎಷ್ಟು ನೀರು ಬೇಕು? ಮತ್ತೆ ಕಾಲು ಸುಡುವುದಕ್ಕೆ, ಹಳೇ ಕಾಂಕ್ರೀಟಿಗೆ ಏನು ಮಾಡಲಿ?

ಹಾಸನ_ಸೈಟ್

ಹಳೇದರ ಮೇಲೆ ಹಾಕಬೇಡಿ. ಕೆಳಗಿನ ಬಿರುಕು ಮೇಲಿನದರಲ್ಲೂ ಅದೇ ಜಾಗದಲ್ಲಿ ಮೂಡುತ್ತದೆ. ಒಡೆಸಿ, ಚೂರುಗಳನ್ನು ಚಿಕ್ಕದಾಗಿ ಕುಟ್ಟಿಸಿ ಗ್ರಾವೆಲ್ ಕೆಳಗೇ ತುಂಬಿಸಿ, ಸಾಗಿಸುವ ಖರ್ಚು ಉಳಿಯುತ್ತದೆ.

ಕ್ಯೂರಿಂಗ್ ನಾಲ್ಕು ದಿನ ಏನೇನೂ ಸಾಲದು. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಪ್ರಕಾರ ಒಣ ಬಿಸಿಲಿನ ಜಾಗದಲ್ಲಿ ಕನಿಷ್ಠ 10 ದಿನ, ಪಿಪಿಸಿ ಥರದ (ಹಾರುಬೂದಿಯಂಥದ್ದು ಬೆರೆಸಿದ) ಸಿಮೆಂಟ್ ಆದರೆ 14 ದಿನ ಮಾಡುವುದು ಒಳ್ಳೆಯದು. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಪಿಪಿಸಿಯೇ, ಚೀಲದ ಮೇಲೆ ಬರೆದಿರುತ್ತದೆ, ನೋಡಿಕೊಳ್ಳಿ. ಬೆಳಗ್ಗೆ ಸಂಜೆ ಪೈಪ್ ಹೊಡೆಯುವುದು ಕ್ಯೂರಿಂಗ್ ಅಲ್ಲ, ನಡುವೆ ಹತ್ತು ಗಂಟೆ ಒಣಗುತ್ತದಲ್ಲ. ಇಡೀ ಹೊತ್ತು ಒದ್ದೆ ಇರಬೇಕು.

ಮಣ್ಣಿನ ಕಟ್ಟೆ ಕಟ್ಟಿ ಒಂದು ಇಂಚು ನೀರು ನಿಲ್ಲಿಸಿದರೆ ಒಂದು ಸಲ ತುಂಬೋಕೇ ಸುಮಾರು 1400 ಲೀಟರ್ ಬೇಕು. ಇಳಿಜಾರು ಬೇರೆ ಇರುವುದರಿಂದ ಗದ್ದೆ ಮಡಿ ಥರ ಅಡ್ಡ ಕಟ್ಟೆಗಳೂ ಬೇಕು. ನಿಮ್ಮ ನೀರಿನ ಸ್ಥಿತಿಗೆ ಅದು ಬೇಡ. ಗೋಣಿ ಚೀಲ ಬಿಚ್ಚಿ ಹಾಸಿ, ಚೆನ್ನಾಗಿ ನೆನೆಸಿ, ಮೇಲೆ ಪ್ಲಾಸ್ಟಿಕ್ ಶೀಟ್ ಹೊದಿಸಿ ಅಂಚಿಗೆ ಕಲ್ಲಿಡಿ. ಆವಿ ಆಚೆ ಹೋಗುವುದಿಲ್ಲ. ದಿನಕ್ಕೆ ಎರಡು ಸಲ ಎತ್ತಿ ನೋಡಿ, ಗೋಣಿ ಒಣಗಿದ ಕಡೆ ಮಾತ್ರ ಬಿಂದಿಗೆಯಲ್ಲಿ ನೀರು ಹಾಕಿದರೆ ಸಾಕು. ಅದರ ಮೇಲೆ ತೆಂಗಿನ ಗರಿ ಮುಚ್ಚಿದರೆ ಶೀಟೂ ಕಾಯುವುದಿಲ್ಲ. ಗರಿಗೆ ನಿಮ್ಮಲ್ಲಿ ಬರವಿಲ್ಲ ಅಂದುಕೊಳ್ಳುತ್ತೇನೆ. ಕಾಂಕ್ರೀಟ್ ಸುರಿಯುವ ಮುಂಚೆ ಗ್ರಾವೆಲ್ಲನ್ನೂ ನೆನೆಸಿ, ಆದರೆ ನೀರು ನಿಂತಿರಬಾರದು.

ಕಾಯೋಕೆ ಆಗುವುದಾದರೆ ಅಕ್ಟೋಬರ್ ಕೊನೆಗೆ, ಮಳೆ ಬಿಟ್ಟ ಮೇಲೆ ಮಾಡಿಸಿ. ಬೋರ್‌ನಲ್ಲೂ ನೀರಿರುತ್ತದೆ, ರಾಗಿ ಕಣಕ್ಕೆ ಬರುವ ಹೊತ್ತಿಗೆ ಅಂಗಳವೂ ಗಟ್ಟಿಯಾಗಿರುತ್ತದೆ.

ಅರಸೀಕೆರೆ_ಗಾರೆ

ಅಮ್ಮನ ಕಾಲಿಗೆ: ಕೆಂಪು ಅಥವಾ ಕಪ್ಪು ಆಕ್ಸೈಡ್ ಹಾಕಿಸಬೇಡಿ, ಇನ್ನೂ ಸುಡುತ್ತದೆ. ಸಿಮೆಂಟಿನ ತಿಳಿ ಬಣ್ಣ ಹಾಗೇ ಇರಲಿ. ಬಾಗಿಲಿನಿಂದ ಗೇಟಿನವರೆಗೆ ಮೂರಡಿ ಅಗಲಕ್ಕೆ ಪೊರಕೆ ಗೀರು ಎಳೆಸಿ, ಮಳೆಗಾಲದಲ್ಲಿ ಜಾರುವುದಿಲ್ಲ. ರಾಗಿ ಒಣಗಿಸುವ ಕಡೆ ನುಣ್ಣಗಿರಲಿ, ಗುಡಿಸಿದರೆ ಕಾಳು ಉಳಿಯಬಾರದು. ಆದರೆ ಬಣ್ಣ, ಗೀರು ಏನೇ ಮಾಡಿದರೂ ಏಪ್ರಿಲ್ ಮಧ್ಯಾಹ್ನ ಕಾಂಕ್ರೀಟ್ ಕಾಯದೇ ಇರುವುದಿಲ್ಲ, ನೆರಳೇ ಬೇಕು. ಪಶ್ಚಿಮದ ಅಂಚಿನಿಂದ 15 ಅಡಿ ಆಚೆ ಎರಡು ಹೊಂಗೆ ಸಸಿ ನೆಡಿ, ಈ ಜೂನ್ ಮಳೆಗೇ ನೆಡಿ. ಹತ್ತಿರ ನೆಟ್ಟರೆ ಬೇರು ಬಿಲ್ಲೆ ಎತ್ತುತ್ತದೆ. ಅಂಗಳದ ಅಂಚಿನಲ್ಲಿ ತೆಂಗಿನ ಮರ ಇದ್ದರೆ ಬುಡದ ಸುತ್ತ ಆರಡಿ ಮಣ್ಣು ಬಿಡಿಸಿ, ಬುಡದವರೆಗೂ ಸಿಮೆಂಟ್ ಮೆತ್ತಿಸಬೇಡಿ.