ಪದಚರ್ಚೆ: ‘ಶಿಯರ್ ವೇವ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಭೂಕಂಪದ ಅಲೆಗಳ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಅವುಗಳಲ್ಲೊಂದಾದ ‘ಶಿಯರ್ ವೇವ್’ಗೆ (ಎಸ್ ಅಲೆ ಅನ್ನುವುದೂ ಇದನ್ನೇ) ಒಪ್ಪುವ ಪದ ಸಿಗುತ್ತಿಲ್ಲ. ನಿಮ್ಮ ಸಲಹೆ ಬೇಕು.

‘ದ್ವಿತೀಯಕ ತರಂಗ’ ಎಂಬುದು ಬಳಕೆಯಲ್ಲಿದೆ. ತಪ್ಪೇನಲ್ಲ. ಭೂಕಂಪಮಾಪಕಕ್ಕೆ ಮೊದಲು ಪಿ ಅಲೆ (ಪ್ರಾಥಮಿಕ ತರಂಗ) ಬರುತ್ತದೆ, ಆಮೇಲೆ ಎಸ್ ಅಲೆ. ಇವೆರಡರ ನಡುವಿನ ಒಂದೊಂದು ಸೆಕೆಂಡಿಗೂ ಸುಮಾರು 8 ಕಿ.ಮೀ. ಅಂತ ಹಿಡಿದರೆ, ಹತ್ತಿರದ ಭೂಕಂಪ ಎಷ್ಟು ದೂರದಲ್ಲಾಯಿತು ಎಂಬ ಅಂದಾಜು ಸಿಗುತ್ತದೆ. ಅಷ್ಟಕ್ಕೆ ಈ ಪದ ಸಾಕು. ಆದರೆ ಇದು ಅಲೆ ಬಂದ ಸರದಿಯನ್ನು ಮಾತ್ರ ಹೇಳುತ್ತದೆ.

‘ಅಡ್ಡ ಅಲೆ’ ಇದಕ್ಕಿಂತ ವಾಸಿ. ಅಲೆ ಸಾಗುವ ದಿಕ್ಕಿಗೆ ಅಡ್ಡವಾಗಿ ನೆಲ ಅಲುಗುತ್ತದೆ ಅಂತ ತಿಳಿಯುತ್ತದೆ. ಆದರೆ ಬೆಳಕೂ ಅಡ್ಡ ಅಲೆಯೇ ಅಲ್ವಾ? ಅದು ನೀರಿನೊಳಗೂ ಸಾಗುತ್ತದೆ. ಎಸ್ ಅಲೆ ಸಾಗುವುದಿಲ್ಲ.

ನನಗೆ ಮುಖ್ಯವಾಗಿರುವುದು ಇದೇ. ಇಸ್ಪೀಟು ಕಟ್ಟಿನ ಮೇಲ್ಭಾಗವನ್ನು ಪಕ್ಕಕ್ಕೆ ತಳ್ಳಿದರೆ ಕಟ್ಟು ಓರೆಯಾಗುತ್ತದಲ್ಲ, ಬಂಡೆಯೂ ಹಾಗೇ ತುಸು ಓರೆಯಾಗುತ್ತದೆ. ಆದರೆ ಬಂಡೆ ಮತ್ತೆ ಮೊದಲಿನ ಆಕಾರಕ್ಕೆ ಸೆಟೆದು ನಿಲ್ಲುತ್ತದೆ. ಆ ಸೆಟೆತದಿಂದಲೇ ಅಲೆ ಮುಂದೆ ಹೋಗುವುದು. ದ್ರವಕ್ಕೆ ಅದಿಲ್ಲ. ಭೂಮಿಯ ಹೊರಪದರ ಮತ್ತು ತಿರುಳಿನ ನಡುವಿನ ಬಂಡೆಯ ಪದರವಾದ ಮ್ಯಾಂಟಲ್‌ನ ತಳದಲ್ಲಿ ಸೆಕೆಂಡಿಗೆ 7 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿರುವ ಎಸ್ ಅಲೆ, ಸುಮಾರು 2,900 ಕಿ.ಮೀ. ಆಳದಲ್ಲಿ ದ್ರವರೂಪದ ಹೊರತಿರುಳು (ಔಟರ್ ಕೋರ್) ಎದುರಾದ ಕೂಡಲೇ ಎಸ್ ಅಲೆಯಾಗಿ ಮುಂದುವರಿಯಲಾರದು.

1926ರಲ್ಲಿ ಬ್ರಿಟಿಷ್ ಭೂಭೌತ ವಿಜ್ಞಾನಿ ಹೆರಾಲ್ಡ್ ಜೆಫ್ರೀಸ್ ಭೂಮಿಯ ತಿರುಳು ದ್ರವ ಎಂದು ವಾದಿಸಿದ್ದೂ ಈ ಗುಣವನ್ನೇ ಹಿಡಿದು. ಎಸ್ ಅಲೆಗಳ ವೇಗದಿಂದ ಮ್ಯಾಂಟಲ್ ಎಷ್ಟು ಬಿಗಿ ಅಂತ ಗೊತ್ತಾಗಿತ್ತು. ಸೂರ್ಯ ಚಂದ್ರರ ಸೆಳೆತಕ್ಕೆ ಇಡೀ ಭೂಮಿ ಬಾಗುವ ಪರಿ ನೋಡಿದರೆ ಬಿಗಿತ ಅದಕ್ಕಿಂತ ಕಡಿಮೆ. ಹಾಗಾದರೆ ಒಳಗೆಲ್ಲೋ ಬಿಗಿಯಿಲ್ಲದ ಭಾಗ ಇರಲೇಬೇಕು. ಎಷ್ಟು ಚೆಂದದ ತರ್ಕ! ಇದನ್ನು ‘ದ್ವಿತೀಯಕ’ ಎಂಬ ಪದ ಇಟ್ಟುಕೊಂಡು ವಿವರಿಸುವುದು ಕಷ್ಟ.

‘ಕತ್ತರಿ ಅಲೆ’ ನನಗೆ ಒಪ್ಪಿಗೆಯಿಲ್ಲ. ‘ಶಿಯರ್’ ಪದಕ್ಕೆ ಕತ್ತರಿಸು ಎಂಬ ಅರ್ಥವೂ ಇದೆ, ಆದರೆ ಇಲ್ಲಿ ಏನೂ ಕತ್ತರಿಸಿ ಹೋಗುವುದಿಲ್ಲ.

ನನ್ನ ಒಲವು ‘ಓರೆ’ ಕಡೆಗೆ. ‘ಓರೆಬಲ’ (ಶಿಯರ್ ಫೋರ್ಸ್), ‘ಓರೆಬಿಗಿತ’ (ಶಿಯರ್ ರಿಜಿಡಿಟಿ) ಚೆನ್ನಾಗಿಯೇ ಕೂರುತ್ತವೆ. ತೊಡಕು ‘ಓರೆ ಅಲೆ’ಯದು. ಅಲೆಯೇ ಓರೆಯಾಗಿ ಸಾಗುತ್ತದೆ ಅಂತ ಓದುಗರು ತಿಳಿಯಬಹುದು. ‘ಓರೆಬಲದ ಅಲೆ’ ಅಂದರೆ ಈ ಗೊಂದಲ ತಪ್ಪುತ್ತದೆಯೇ? ಕಟ್ಟಡದ ಎಂಜಿನಿಯರುಗಳು ನೆಲದ ಮೇಲ್ಪದರದ 30 ಮೀಟರ್ ಆಳದವರೆಗೆ ಈ ಅಲೆಯ ಸರಾಸರಿ ವೇಗ ಅಳೆಯುತ್ತಾರೆ. ಆ ಕೆಲಸದಲ್ಲಿರುವವರು ಮಾತಿನಲ್ಲಿ ಯಾವ ಪದ ಬಳಸುತ್ತೀರಿ? ದಯವಿಟ್ಟು ಒಂದು ವಾಕ್ಯದಲ್ಲಿ ಬಳಸಿ ತೋರಿಸಿ.