ಪದಚರ್ಚೆ: ‘ಪಬ್ಲಿಕ್ ಡೊಮೇನ್’ ಎಂಬುದನ್ನು ಕಿವಿಗೆ ಹೇಳುವುದು ಹೇಗೆ?

ಬಾಗಲಕೋಟೆಯಿಂದ, ಬುಧವಾರ

ಶನಿವಾರ ರಾತ್ರಿಯೊಳಗೆ ನನಗೆ ಎರಡು ಮಾತುಗಳು ಬೇಕಾಗಿವೆ. ಒಂದು ಮುಖಚಿತ್ರದ ಮೇಲೆ ಬರೆಯಲು, ಇನ್ನೊಂದು ಬಾಯಲ್ಲಿ ಹೇಳಲು. ಎರಡನೆಯದೇ ತೊಡಕಿನದು.

ನಾವು ಹನ್ನೊಂದು ಜನ ಕೂಡಿ ಏಕಾಂಕಗಳನ್ನು ಓದಿ ಧ್ವನಿಮುದ್ರಿಸುತ್ತಿದ್ದೇವೆ, ಯಾರು ಬೇಕಾದರೂ ಹಣ ಕೊಡದೆ ಕೇಳಲಿ ಎಂದು. ‘ಕೂಡಿ’ ಎಂದೆನಾದರೂ ಹನ್ನೊಂದು ಜನ ಒಂದೇ ಕೋಣೆಯಲ್ಲಿ ಸೇರಿದ್ದು ಒಮ್ಮೆಯೂ ಇಲ್ಲ. ಮೊದಲ ನಾಟಕದ ಗಂಡ ಇಳಕಲ್ಲಿನಲ್ಲಿದ್ದಾರೆ, ಹೆಂಡತಿ ಜಮಖಂಡಿಯಲ್ಲಿ, ಅಲೆಮಾರಿ ಅಥಣಿಯಲ್ಲಿ. ಪ್ರತಿಯೊಬ್ಬರೂ ಫ್ಯಾನ್ ಆರಿಸಿ, ಗೋಡೆಯ ಪ್ರತಿಧ್ವನಿ ಬರದಂತೆ ತಲೆಯ ಮೇಲೆ ಕೌದಿ ಹೊದ್ದು, ತಮ್ಮ ಪಾತ್ರದ ಮಾತುಗಳನ್ನಷ್ಟೇ ಮೊಬೈಲಿಗೆ ಓದಿ ಕಳಿಸುತ್ತಾರೆ. ರಂಗಸೂಚನೆ ಓದುವವರು ಬೇರೆ. ಇಳಕಲ್ ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಕ್ಕೆ ಹಾಕಿ ಸೇರಿಸುತ್ತಾರಲ್ಲ, ಹಾಗೆ ಈ ಮಾತುಗಳನ್ನು ನಾನು ಕೂಡಿಸುತ್ತೇನೆ. ಗಂಡ “ಹೊರಗೆ ನಡೆ” ಎಂದು ಗದರಿದ್ದು ಮಂಗಳವಾರ. ಹೆಂಡತಿ ಅದಕ್ಕೆ ಉತ್ತರ ಕೊಟ್ಟದ್ದು ಅದಕ್ಕೂ ನಾಲ್ಕು ದಿನ ಮೊದಲು! ಕೂಡಿಸಿ ಕೇಳಿದಾಗ ಇಬ್ಬರೂ ಒಂದೇ ಹೊಸ್ತಿಲ ಆಚೀಚೆ ನಿಂತಿದ್ದರು. ಅಂದು ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಪದ್ಧತಿ ಲಿಬ್ರಿವಾಕ್ಸ್‌ನದು. 2005ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹ್ಯೂ ಮೆಗೈರ್ ಆರಂಭಿಸಿದ ಈ ಕೆಲಸದಲ್ಲಿ ಸ್ವಯಂಸೇವಕರು ಹಕ್ಕಿನ ಅವಧಿ ತೀರಿದ ಪುಸ್ತಕಗಳನ್ನು ಓದುತ್ತಾರೆ, ಏಕಾಂಕಗಳನ್ನು ಪಾತ್ರಕ್ಕೊಬ್ಬರಂತೆ ಓದಿ ಸಂಕಲನ ಮಾಡುತ್ತಾರೆ. ತಮ್ಮ ಓದಿನ ಮೇಲೂ ಯಾವ ಹಕ್ಕನ್ನೂ ಉಳಿಸಿಕೊಳ್ಳುವುದಿಲ್ಲ. ಪ್ರತಿ ಧ್ವನಿಮುದ್ರಣದ ಮೊದಲಿಗೆ ಇದು ಪಬ್ಲಿಕ್ ಡೊಮೇನ್‌ನಲ್ಲಿದೆ, ಅಂದರೆ ಇದರ ಮೇಲೆ ಯಾರ ಹಕ್ಕೂ ಇಲ್ಲ, ಎಂದು ಸಾರುತ್ತಾರೆ. ನನಗೆ ಬೇಕಾಗಿರುವುದು ಆ ಒಂದು ಸಾಲು. ನಾವು ಆರಿಸಿಕೊಂಡ ಮೊದಲ ನಾಟಕಕಾರರು ಐರ್ಲೆಂಡಿನ ಜೆ.ಎಂ. ಸಿಂಜ್, 1909ರಲ್ಲಿ ತೀರಿಕೊಂಡವರು. ಅನುವಾದ ನನ್ನದೇ ಆದ್ದರಿಂದ ಅದರ ಹಕ್ಕನ್ನು ನಾನೇ ಬಿಡುತ್ತಿದ್ದೇನೆ.

‘ಸಾರ್ವಜನಿಕ ವಲಯ’ ಎಂದರೆ ಸರ್ಕಾರಿ ಕಾರ್ಖಾನೆ ನೆನಪಾಗುತ್ತದೆ. ‘ಸಾರ್ವಜನಿಕ ಆಸ್ತಿ’ ಎಂದರೆ ಕಲ್ಲು ತೂರಿದವರ ಮೇಲಿನ ಮೊಕದ್ದಮೆ. ಮುಖಚಿತ್ರಕ್ಕೆ ‘ಶ್ರವ್ಯ ನಾಟಕ’, ‘ಧ್ವನಿ ನಾಟಕ’, ‘ಬಾನುಲಿ ನಾಟಕ’ ಎಂಬ ಸಲಹೆಗಳು ನಮ್ಮಲ್ಲೇ ಬಂದಿವೆ. ಬಾನಿನಿಂದ ಉಲಿಯದ್ದನ್ನು ಬಾನುಲಿ ಎನ್ನಲು ನನಗೆ ಮನಸ್ಸಿಲ್ಲ.

ವಿಜಯಪುರದಿಂದ, ಬುಧವಾರ

‘ಶ್ರವ್ಯ ನಾಟಕ’ ಬೇಡ. ಕಾವ್ಯವನ್ನು ದೃಶ್ಯ, ಶ್ರವ್ಯ ಎಂದು ಎರಡಾಗಿ ಸೀಳಿದವರು ನಾಟಕವನ್ನು ಮೊದಲನೆಯದರಲ್ಲಿ ಇಟ್ಟರು. ‘ಶ್ರವ್ಯ ನಾಟಕ’ ತನ್ನನ್ನು ತಾನೇ ಅಲ್ಲಗಳೆಯುವ ಮಾತು. ಇದನ್ನು ‘ಶ್ರಾವ್ಯ’ ಎಂದು ಬರೆಯುವವರ ಜೊತೆ ನಾನು ಮಾತಾಡುವುದಿಲ್ಲ.

‘ಧ್ವನಿಯಾಟ’ ಎಂದು ಯಾರಾದರೂ ಹೊಸೆಯುವ ಮೊದಲೇ ಹೇಳುತ್ತೇನೆ: ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ ಅರಿಸಮಾಸ. ಗಮಕ ಸಮಾಸಕ್ಕೆ ಈ ದೋಷ ತಗಲುವುದಿಲ್ಲವಾದ್ದರಿಂದ ‘ಕೇಳುವ ನಾಟಕ’ ಸಾಧು. ಮುಖಚಿತ್ರಕ್ಕೆ ಅದನ್ನೇ ಬರೆಯಿರಿ.

ಇನ್ನು ಹಕ್ಕಿನ ಸಂಗತಿ. ಪತ್ರಿಕೆಗಳು ‘ಹಕ್ಕುಸ್ವಾಮ್ಯ’ ಎಂದು ಬರೆಯುತ್ತವೆ. ಅರಬ್ಬಿಯ ಹಕ್ಕು, ಸಂಸ್ಕೃತದ ಸ್ವಾಮ್ಯ, ಒಂದೇ ಅರ್ಥ ಎರಡು ಸಲ. ನಮಗೆ ‘ಕೃತಿಸ್ವಾಮ್ಯ’ ಇದೆ, ಸಾಕು. ಅದು ಇಲ್ಲದ್ದು ‘ಸ್ವಾಮ್ಯಮುಕ್ತ’. ಮುಗಿಯಿತು.

ಬೆಳಗಾವಿಯಿಂದ, ಬುಧವಾರ ರಾತ್ರಿ

ಮುಗಿಯಲಿಲ್ಲ. ಗುರುಗಳು ಪ್ರಶ್ನೆಯನ್ನು ಅರ್ಧ ಓದಿದ್ದಾರೆ. ಆ ತಾಯಿ ಕೇಳಿದ್ದು ಬಾಯಲ್ಲಿ ಹೇಳುವ ಮಾತನ್ನು. ‘ಸ್ವಾಮ್ಯಮುಕ್ತ’ ಎಂದು ಒಮ್ಮೆ ಗಟ್ಟಿಯಾಗಿ ಹೇಳಿ, ಪಕ್ಕದ ಮನೆಯವರನ್ನು ಏನು ಕೇಳಿಸಿತು ಎಂದು ವಿಚಾರಿಸಿ. ಸ್ವಾಮಿಗೆ ಮುಕ್ತಿ ಸಿಕ್ಕಿತು ಎನ್ನುತ್ತಾರೆ. ಕಾಗದದ ಮೇಲೆ ಒತ್ತಕ್ಷರ ನೋಡಿ ಅರ್ಥ ಮಾಡಿಕೊಳ್ಳುವ ಪದಕ್ಕೆ ಕೌದಿಯೊಳಗೆ ಬೆಲೆಯಿಲ್ಲ.

‘ಆಡಿಯೊ ನಾಟಕ’ ಎನ್ನಿ. ಎಲ್ಲರಿಗೂ ತಿಳಿಯುತ್ತದೆ. ‘ನಾಟಕ’ ಮಾತ್ರ ಅಚ್ಚಗನ್ನಡವೇ? ನಾನು ಮೂವತ್ತು ವರ್ಷಗಳಿಂದ ಫಲಕ ಬರೆಸುವ ಅಂಗಡಿ ಇಟ್ಟುಕೊಂಡಿದ್ದೇನೆ. ಎರಡು ಸಲ ಓದಬೇಕಾದ ಪದವನ್ನು ಗಿರಾಕಿ ಮೂರನೇ ದಿನ ಅಳಿಸಲು ಹೇಳುತ್ತಾನೆ. ನಮ್ಮ ಪಕ್ಕದ ಮರಾಠಿಯವರು ರೇಡಿಯೊ ನಾಟಕಕ್ಕೆ ‘ನಭೋನಾಟ್ಯ’ ಎಂದರು, ‘ಶ್ರುತಿಕಾ’ ಎಂದರು. ದೃಶ್ಯವೋ ಶ್ರವ್ಯವೋ ಎಂದು ಜಗಳ ಕಾಯದೆ ಕಟ್ಟಿದರು, ಬಳಸಿದರು.

ಎರಡನೆಯದಕ್ಕೆ ನನ್ನ ಸೂಚನೆ ‘ಗಾಯರಾಣ’. ಊರಿನ ದನಗಳೆಲ್ಲ ಮೇಯಲು ಬಿಟ್ಟ ನೆಲ. ಚಿಕ್ಕೋಡಿಯಿಂದ ಇಂಡಿಯವರೆಗೆ ಯಾವ ರೈತನನ್ನು ಕೇಳಿದರೂ ಗೊತ್ತು. ಪಬ್ಲಿಕ್ ಡೊಮೇನ್ ಎಂದರೆ ಸಾಹಿತ್ಯದ ಗಾಯರಾಣವೇ. ಇಲ್ಲವಾದರೆ ಸುಮ್ಮನೆ ‘ಉಚಿತ’ ಎಂದುಬಿಡಿ.

ವಿಜಯಪುರದಿಂದ, ಗುರುವಾರ ನಸುಕು

ಗಾಯರಾಣ ಮರಾಠಿ. ಕನ್ನಡಕ್ಕೆ ‘ಗೋಮಾಳ’ ಇದೆ. ಅದೂ ದನಗಳಿಗೆ.

ಇದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಗಾಯರಾಣದಲ್ಲಿ ಮನೆ ಕಟ್ಟಿದರೆ ಒತ್ತುವರಿ ಎಂದು ನೋಟಿಸ್ ಬರುತ್ತದೆ. ಹಕ್ಕು ತೀರಿದ ನಾಟಕವನ್ನು ಯಾರು ಬೇಕಾದರೂ ಅಚ್ಚು ಹಾಕಿ ಮಾರಬಹುದು, ತಿದ್ದಿ ಆಡಬಹುದು, ಯಾವ ನೋಟಿಸೂ ಬರುವುದಿಲ್ಲ. ಎರಡೂ ಒಂದೇ ಎಂದು ಹೇಳಿದರೆ ಕೇಳಿದವರು ಹೆದರಿ ದೂರ ನಿಲ್ಲುತ್ತಾರೆ.

‘ಉಚಿತ’ ಎಂದರೆ ತಕ್ಕದ್ದು, ಯೋಗ್ಯವಾದದ್ದು. ಸಮಯೋಚಿತ ಎಂಬಲ್ಲಿ ಇಂದಿಗೂ ಆ ಅರ್ಥ ಉಸಿರಾಡುತ್ತಿದೆ. ಜಾಹೀರಾತಿನವರು ಅದನ್ನು ಪುಕ್ಕಟೆಯ ಸಭ್ಯ ರೂಪವಾಗಿ ಬಳಸುತ್ತಾರೆ. ಗಡಿಯಲ್ಲಿರುವವರು ಬಾಗಿಲನ್ನು ಸ್ವಲ್ಪ ಕಾಯಬೇಕು.

ಬೆಳಗಾವಿಯಿಂದ, ಗುರುವಾರ

ಬಾಗಿಲು ಕಾಯುವುದು ಹೇಗೆ ಎಂದು ಬೆಳಗಾವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಊರಿನಲ್ಲಿ ಒಂದು ಕನ್ನಡ ಫಲಕಕ್ಕೆ ಎಷ್ಟು ಬೆಲೆ ಇದೆ ಎಂಬುದನ್ನು ಏಣಿಯ ಮೇಲೆ ನಿಂತು ಬರೆದವನು ನಾನು. ನನ್ನ ತಾಯಿ ಪುಕ್ಕಟೆ ಎನ್ನುತ್ತಿದ್ದಳು, ಗಾಯರಾಣ ಎನ್ನುತ್ತಿದ್ದಳು, ಅವಳಿಗೆ ಮರಾಠಿಯ ಒಂದು ವಾಕ್ಯವೂ ಬರುತ್ತಿರಲಿಲ್ಲ. ಅವಳ ಬಾಯಲ್ಲಿ ಬೆಳೆದ ಪದವನ್ನು ಪರಕೀಯ ಎಂದು ಹೊರಗೆ ಹಾಕುವವರು ಅದೇ ಉಸಿರಿನಲ್ಲಿ ಅರಬ್ಬಿಯ ‘ನಕಲು’, ‘ಜವಾಬು’, ‘ತಕರಾರು’ಗಳನ್ನು ದಿನವೆಲ್ಲ ಬಳಸುತ್ತಾರೆ. ಸಂಸ್ಕೃತದಿಂದ ತಂದರೆ ಆಭರಣ, ಮರಾಠಿಯಿಂದ ತಂದರೆ ಕಳವಿನ ಮಾಲೇ?

ಒತ್ತುವರಿಯ ಮಾತು ಮಾತ್ರ ಸರಿ. ಗಾಯರಾಣವನ್ನು ಹಿಂದಕ್ಕೆ ಪಡೆಯುತ್ತೇನೆ. ಮರಾಠಿ ಎಂಬ ಕಾರಣಕ್ಕಲ್ಲ.

ಮುಧೋಳದಿಂದ, ಗುರುವಾರ ರಾತ್ರಿ

ಇಬ್ಬರೂ ನಾಮಪದ ಹುಡುಕುತ್ತಾ ದಣಿಯುತ್ತಿದ್ದೀರಿ. ಕನ್ನಡದಲ್ಲಿ ಈ ಕೆಲಸಕ್ಕೆ ಒಂದು ಕ್ರಿಯಾಪದವಿದೆ. ಪ್ರಶ್ನೆ ಕೇಳಿದವರೇ ಅದನ್ನು ಬಳಸಿದ್ದಾರೆ: “ಹಕ್ಕನ್ನು ನಾನೇ ಬಿಡುತ್ತಿದ್ದೇನೆ”. ಬೆಳಗಾವಿಯವರೂ ಬಳಸಿದ್ದಾರೆ: “ಮೇಯಲು ಬಿಟ್ಟ ನೆಲ”. ಯಾರಿಗೂ ಅದು ಕೇಳಿಸಲಿಲ್ಲ.

ಬಿಡು. ನಾವು ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ನೆಲದವರು. ಹಳೆಯ ದಾನಶಾಸನಗಳನ್ನು ತೆರೆಯಿರಿ. ಅರಸನೋ ಗಾವುಂಡನೋ ದೇಗುಲಕ್ಕೆ ಇಷ್ಟು ಮತ್ತರು ನೆಲವನ್ನು ‘ಬಿಟ್ಟ’, ಅದು ‘ಬಿಟ್ಟ ದತ್ತಿ’. ಮನೆಯ ಹೋರಿಯನ್ನು ದೇವರಿಗೆ ಬಿಡುತ್ತೇವೆ. ಬಿಟ್ಟ ಮೇಲೆ ಅದು ಯಾರ ಹೊಲದಲ್ಲಿ ಮೇಯ್ದರೂ ಹಗ್ಗ ಹಾಕುವವರಿಲ್ಲ, ನನ್ನದು ಎನ್ನುವವರಿಲ್ಲ, ಬಿಟ್ಟವನೂ ಮರಳಿ ಕೇಳುವಂತಿಲ್ಲ. ಲಿಬ್ರಿವಾಕ್ಸ್‌ನವರು ತಮ್ಮ ಓದಿಗೆ ಮಾಡುತ್ತಿರುವುದು ಇದನ್ನೇ.

‘ಬಿಟ್ಟ ಸ್ಥಳ ತುಂಬಿರಿ’ ಎಂಬಲ್ಲಿ ಬಿಟ್ಟದ್ದೆಂದರೆ ಖಾಲಿ ಉಳಿದದ್ದು ತಾನೇ ಎಂದು ಯಾರಾದರೂ ಕೇಳಬಹುದು. ಹೌದು, ಬರಿಯ ‘ಬಿಟ್ಟ’ಕ್ಕೆ ಆ ಅಪಾಯವಿದೆ. ಚತುರ್ಥಿ ವಿಭಕ್ತಿ ಹಚ್ಚಿ ನೋಡಿ: ಮಠಕ್ಕೆ ಬಿಟ್ಟ ಹೊಲ, ದೇವರಿಗೆ ಬಿಟ್ಟ ಹೋರಿ. ‘ಗೆ’, ‘ಕ್ಕೆ’ ಬಂದ ಕೂಡಲೇ ಬಿಟ್ಟದ್ದು ಕೊಟ್ಟದ್ದಾಗುತ್ತದೆ. ‘ಬಿಟ್ಟಿ’ ಎಂಬ ಪದವೂ ಇಲ್ಲಿಂದಲೇ ಹುಟ್ಟಿದೆ. ಸಂಬಳದ ಆಸೆ ಬಿಟ್ಟು ಮಾಡಿದ್ದು ಬಿಟ್ಟಿ.

ಇನ್ನೊಂದು ಮಾತು. ರಂಗಸೂಚನೆ ಓದುವವರಿಗೆ ಹೆಸರು ಬೇಕಾದರೆ ‘ಭಾಗವತ’ ಎನ್ನಿ. ನಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತದಲ್ಲಿ ಬಂದ ಪಾತ್ರವನ್ನು ಮಾತಾಡಿಸಿ, ಯಾರು, ಎಲ್ಲಿಂದ ಬಂದರು ಎಂದು ಸಭೆಗೆ ತಿಳಿಸುವವನು ಅವನೇ. ಕೌಜಲಗಿ ನಿಂಗಮ್ಮನವರಂಥ ಕಲಾವಿದೆಯನ್ನು ಬೆಳೆಸಿದ ಆಟದ ಪದ ಇರುವಾಗ ‘ನಿರೂಪಕ’ ಎಂದು ಟಿ.ವಿ.ಯವರಂತೆ ಹೇಳುವುದೇಕೆ?

ಒಂದು ಆಸೆಯನ್ನೂ ಹೇಳಿಕೊಳ್ಳುತ್ತೇನೆ. ವಿಜಯಪುರ ಜಿಲ್ಲೆಯ ಅಗರಖೇಡದಲ್ಲಿ 1904ರಲ್ಲಿ ಹುಟ್ಟಿದ ಶ್ರೀರಂಗರ ಏಕಾಂಕಗಳನ್ನು ಹೀಗೆ ಪಾತ್ರಕ್ಕೊಬ್ಬರಂತೆ ಓದಬೇಕು. ಅವರು ತೀರಿಕೊಂಡದ್ದು 1984ರಲ್ಲಿ. ನಮ್ಮ ಕಾನೂನಿನಂತೆ ಮರುವರ್ಷದ ಜನವರಿಯಿಂದ 60 ವರ್ಷ ಎಣಿಸಿದರೆ 2045ರ ಜನವರಿ 1ರಂದು ಅವು ಎಲ್ಲರವು. ಅಲ್ಲಿಯವರೆಗೆ ಹಕ್ಕುದಾರರ ಒಪ್ಪಿಗೆ ಬೇಕು. 1946ರಲ್ಲಿ ತೀರಿಕೊಂಡ ಕೈಲಾಸಂ ಅವರವು 2007ರಲ್ಲೇ ಇಲ್ಲಿ ತೆರೆದುಕೊಂಡಿವೆ.

ವಿಜಯಪುರದಿಂದ, ಶುಕ್ರವಾರ ನಸುಕು

‘ಬಿಟ್ಟಿ’ ಬಿಡುವಿನಿಂದ ಬಂದದ್ದಲ್ಲ. ‘ವಿಷ್ಟಿ’ಯ ತದ್ಭವ. ಅರಸನೋ ಊರ ಗೌಡನೋ ಕೂಲಿ ಕೊಡದೆ ಬಲವಂತವಾಗಿ ಮಾಡಿಸುತ್ತಿದ್ದ ದುಡಿಮೆ. ಆಸೆ ಬಿಟ್ಟು ಮಾಡಿದವರು ಯಾರೂ ಇರಲಿಲ್ಲ, ಬೆನ್ನ ಮೇಲೆ ಚಾವಟಿ ಇತ್ತು. ಮನಸ್ಸಾರೆ ಓದುತ್ತಿರುವ ಹನ್ನೊಂದು ಜನರ ಕೆಲಸದ ಹತ್ತಿರ ಆ ಪದ ಸುಳಿಯಬಾರದು. ಮುಧೋಳದವರು ಕಿವಿಗೆ ಹೊಂದಿದ್ದನ್ನೆಲ್ಲ ಒಂದೇ ಬೇರಿಗೆ ಕಟ್ಟುವುದನ್ನು ನಿಲ್ಲಿಸಲಿ.

ಬೇರು ಬೇಕಾದರೆ ಒಂದು ಕೊಡುತ್ತೇನೆ. ಲಿಬ್ರಿವಾಕ್ಸ್‌ನ ‘ವಾಕ್ಸ್’ ಲ್ಯಾಟಿನ್ನಿನಲ್ಲಿ ದನಿ. ಅದೂ ನಮ್ಮ ‘ವಾಕ್’ ಎಂಬುದೂ ಒಡಹುಟ್ಟಿದವು.

ಶಾಸನಗಳ ‘ಬಿಟ್ಟ’ ಮಾತ್ರ ನಿಜ. ಅದು ನನಗೆ ಹೊಳೆಯಬೇಕಾಗಿತ್ತು.

ಬೆಳಗಾವಿಯಿಂದ, ಶುಕ್ರವಾರ

‘ಈ ಓದು ಎಲ್ಲರಿಗೂ ಬಿಟ್ಟದ್ದು’ ಎಂದು ಮಾತ್ರ ಹೇಳಬೇಡಿ. ‘ಓದು ಬಿಟ್ಟ’ ಎಂದರೆ ಶಾಲೆ ಬಿಟ್ಟ ಹುಡುಗ. ಕಿವಿ ಮೊದಲು ಅಲ್ಲಿಗೇ ಓಡುತ್ತದೆ.

ಬಾಗಲಕೋಟೆಯಿಂದ, ಶನಿವಾರ ಸಂಜೆ

ನಾಲ್ಕು ಸಾಲುಗಳನ್ನು ಮುದ್ರಿಸಿ ನನ್ನ ಅತ್ತೆಗೆ ಕೇಳಿಸಿದೆ. ಕಣ್ಣು ಮಂದವಾದ ಮೇಲೆ ಅವರು ಪುಸ್ತಕ ಹಿಡಿದಿಲ್ಲ. ಈ ನಾಟಕಗಳನ್ನು ನಾವು ಮೊದಲು ಓದುತ್ತಿರುವುದೇ ಅವರಂಥವರಿಗೆ.

‘ಸ್ವಾಮ್ಯಮುಕ್ತ’ ಎಂಬಲ್ಲಿ ಅವರು ಮತ್ತೊಮ್ಮೆ ಹೇಳಲು ಹೇಳಿದರು. ‘ಉಚಿತ’ಕ್ಕೆ, ಎಷ್ಟು ದಿನ ಉಚಿತ, ಆಮೇಲೆ ರೊಕ್ಕ ಕೇಳುತ್ತಾರೆಯೇ ಎಂದು ವಿಚಾರಿಸಿದರು. ಈ ಒಂದು ಪ್ರಶ್ನೆಯಿಂದಲೇ ‘ಉಚಿತ’ವನ್ನು ಕೈಬಿಟ್ಟೆ. ಮೊಬೈಲ್ ಕಂಪನಿಗಳು ಆ ಪದದ ನಂಬಿಕೆಯನ್ನು ಸವೆಸಿಬಿಟ್ಟಿವೆ. ‘ಪುಕ್ಕಟೆ’ಯನ್ನು ನನಗಾಗಿಯೇ ಓದಿ ನೋಡಿದೆ. ಮೊದಲ ‘ಪ’ಕ್ಕೆ ತುಟಿಯ ಗಾಳಿ ಮೈಕಿಗೆ ಬಡಿದು ಢಬ್ ಎನ್ನುತ್ತದೆ. ‘ಭಾಗವತ’ದ ‘ಭ’ ಕೂಡ ಹಾಗೆಯೇ, ಆದರೆ ಅದು ಪಾತ್ರಗಳ ಪಟ್ಟಿಯಲ್ಲಿ ಬರುವ ಹೆಸರು, ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಹೇಳಿದರಾಯಿತು. ಅದನ್ನು ಉಳಿಸಿಕೊಳ್ಳುತ್ತೇವೆ.

‘ಇದು ಬಿಟ್ಟ ನಾಟಕ’ ಎಂದಾಗ ಅತ್ತೆ ತಕ್ಷಣ, ಯಾರಿಗೆ ಬಿಟ್ಟದ್ದು ಎಂದು ಕೇಳಿದರು. ಮುಧೋಳದವರು ಹೇಳಿದ ಚತುರ್ಥಿಯನ್ನು ಅವರು ವ್ಯಾಕರಣ ಓದದೆಯೇ ಕೇಳಿ ಪಡೆದರು! ‘ಎಲ್ಲರಿಗೂ’ ಸೇರಿಸಿ ಮತ್ತೆ ಹೇಳಿದೆ. ಹೌದೇ, ಹಾಗಾದರೆ ನನ್ನ ತಂಗಿಗೂ ಕಳಿಸು ಎಂದರು.

ರಂಗಸೂಚನೆ ಓದುವವರಿಗೆ ಈ ಸಾಲನ್ನು ಈಗಷ್ಟೇ ಕಳಿಸಿದ್ದೇನೆ: “ಇದು ಎಲ್ಲರಿಗೂ ಬಿಟ್ಟ ನಾಟಕ. ಕೇಳಿ, ಹಂಚಿ, ಬೇಕಾದಂತೆ ಬಳಸಿ. ಯಾರ ಅಪ್ಪಣೆಯೂ ಬೇಡ.” ಮುಖಚಿತ್ರದ ಮೇಲೆ ‘ಕೇಳುವ ಏಕಾಂಕಗಳು’ ಎಂದು ಬರೆಸಿದೆ. ಹತ್ತು ಗಂಟೆಗೆ ಬೀದಿ ಶಾಂತವಾದ ಮೇಲೆ ಅವರು ಮುದ್ರಿಸುತ್ತಾರೆ. ಯಾರಿಗಾದರೂ ತಕರಾರಿದ್ದರೆ ಅದಕ್ಕೆ ಮೊದಲು ತಿಳಿಸಿ.

ವಿಜಯಪುರದಿಂದ, ಶನಿವಾರ ರಾತ್ರಿ 9.40

ತಕರಾರಿಲ್ಲ. ‘ಅಪ್ಪಣೆಯೂ’ ಎಂಬಲ್ಲಿ ಒಂದು ‘ಪ್ಪ’ ಇದೆ, ಮುಖ ತಿರುಗಿಸಿ ಓದಲು ಹೇಳಿ.