ಮುದಿ ಎತ್ತು, ಜರ್ಸಿ ಗಂಡು ಕರ, ನಾಲ್ಕು ಆಡು: ಕಾಯಂ ಸಾಕಬೇಕಂದ್ರ ಏನೇನು ಬೇಕ್ರಿ?

ಕುಂದಗೋಳ ಹತ್ರ ಎರಡು ಎಕರೆ ಎರಿ ಹೊಲ ಐತ್ರಿ, ಬೋರ್ ಐತಿ. ಕಸಾಯಿಖಾನಿಗೆ ಒಯ್ಯೂ ಗಾಡಿ ಪೊಲೀಸರು ಹಿಡದಾಗ ಬಿಡಿಸಿದ ಎತ್ತು, ಡೈರಿಯವ್ರು ಬ್ಯಾಡಂದ ಗಂಡು ಕರ, ಆಡು, ಒಂದಿಷ್ಟು ಬ್ರಾಯ್ಲರ್ ಕೋಳಿ ಇಟ್ಕೊಬೇಕಂತ ಮಾಡೀನಿ. ಮಾರೂದಿಲ್ಲ, ದುಡಸೂದಿಲ್ಲ, ಸಾಯೂತನ ಅಲ್ಲೇ. ನನಗ 52, ಮಕ್ಕಳು ಬೆಂಗಳೂರಾಗ. ಮಾಡಿದವ್ರು ಇದ್ರ ಹೇಳ್ರಿ.

ನವಲಗುಂದದಿಂದ:
ಅಕ್ಕಾರ, ಶೆಡ್ಡಿನ ಚಿಂತಿ ಆಮ್ಯಾಗ, ಮೊದ್ಲ ಮೇವಿನ ಲೆಕ್ಕ ಹಾಕ್ರಿ. 400 ಕೆಜಿ ಎತ್ತಿಗೆ ದಿನಾ 10 ಕೆಜಿ ಹತ್ರ ಒಣ ಮೇವು ಬೇಕು, ಅಂದ್ರ ವರ್ಷಕ್ಕ ಮೂರೂವರಿ ಟನ್, ಅದೂ ಒಂದ ಎತ್ತಿಗೆ. ಹತ್ತು ದನಾ ಆದ್ರ ಎರಡು ಎಕರೆ ಹೊಲ ಸಾಲೂದಿಲ್ಲ, ಕೊಳ್ಳಾಕ ಬೇಕ. ಹಿಂಗಾರಿ ಜೋಳ ಕೊಯ್ದ ಮ್ಯಾಲೆ ಶಿವರಾತ್ರಿ ಹಿಂದ ಮುಂದ ಕಣಕಿ (ಜೋಳದ ಒಣ ದಂಟು) ಸೋವಿ ಇರ್ತದ, ಅವಾಗ ಇಡೀ ವರ್ಷದ್ದು ತಗೊಂಡು ಬಣವಿ ಒಟ್ಟಿಬಿಡ್ರಿ, ಮೇ ತಿಂಗಳದಾಗ ಹುಡುಕಾಕ ಹ್ವಾದ್ರ ಮಾರಾವ ಹೇಳಿದ್ದ ರೇಟು. ಶೇಂಗಾ ಹೊಟ್ಟು, ಕಡ್ಲಿ ಹೊಟ್ಟು ಹಂಗ, ಸುಗ್ಗಿಯೊಳಗ ಹಿಡೀಬೇಕು. ಬೋರಿನ ನೀರಿದ್ರ ಒಂದು ಅರ್ಧ ಎಕರೆ ನೇಪಿಯರ್ ಹುಲ್ಲು ಹಚ್ರಿ, ಧಾರವಾಡದಾಗ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಕೇಂದ್ರ ಐತಿ, ಡಿಎಚ್ಎನ್-6 ಅನ್ನೋ ನೇಪಿಯರ್ ತಳಿ ಅವರದ, ಬೇರು ತುಂಡು ಸಿಗ್ತಾವೇನು ಅಂತ ಕೇಳ್ರಿ. ನಾವು ಶೆಗಣಿ ಗೊಬ್ಬರ ಕೊಟ್ಟು ಬದಲಿ ಕಣಕಿ ತಗೋತೀವಿ, ಊರಾಗಿನ ರೈತರಿಗೂ ಬೇಕಾಗಿರ್ತದ, ನಮಗೂ ರೊಕ್ಕ ಉಳೀತದ.

ಇನ್ನೊಂದು ಕಠಿಣ ಮಾತು, ಸಿಟ್ಟಾಗಬ್ಯಾಡ್ರಿ. ಇವತ್ತ ಬಂದ ಕರ ಛಲೋ ನೋಡ್ಕೊಂಡ್ರ 18-20 ವರ್ಷ ಬದುಕ್ತದ, ಅಷ್ಟೊತ್ತಿಗೆ ನಿಮಗ 72. ನಿಮ್ಮ ಹಿಂದ ಯಾರು ಮೇವು ಹಾಕ್ತಾರ ಅನ್ನೋದು ಕಾಗದದ ಮ್ಯಾಲೆ ಬರ್ಲಿಕ್ಕಂದ್ರ ಅದಕ್ಕ ಕಾಯಂ ಅನ್ನಾಕ ಬರೂದಿಲ್ಲ. ಟ್ರಸ್ಟ್ ರಿಜಿಸ್ಟರ್ ಮಾಡಸ್ರಿ, ಹೊಲಾನೂ ಅದರ ಹೆಸರಿಗೆ ಮಾಡಾಕ ಬರ್ತದೋ ಇಲ್ಲೋ ವಕೀಲರಿಗೆ ಕೇಳ್ರಿ, ಮಕ್ಕಳ್ನ ಕೂಡಿಸ್ಕೊಂಡ ಕೇಳ್ರಿ. ಕರ, ಹೋತ ಎಲ್ಲಾ ಬೀಜ ಒಡಸೂದು ಮಾತ್ರ ಬಿಡಬ್ಯಾಡ್ರಿ, ನಾಲ್ಕು ಆಡು ಎರಡು ವರ್ಷದಾಗ ಹಿಂಡಾಗ್ತಾವು.

ರಾಣೆಬೆನ್ನೂರಿನಿಂದ:
ಹೊಸಾದು ಬಂದ್ರ ಮೂರು ವಾರ ಬ್ಯಾರೆ ಕಟ್ರಿ, ನೀರಿನ ತೊಟ್ಟಿನೂ ಬ್ಯಾರೆ. 2022ರಾಗ ಚರ್ಮಗಂಟು ರೋಗ ಬಂದಾಗ ನಮ್ಮ ಹಾವೇರಿ ಜಿಲ್ಲಾದಾಗ ಎಷ್ಟು ದನಾ ಹ್ವಾದು ನೋಡೀವಲ್ಲ. ಕಾಲುಬಾಯಿ ಬ್ಯಾನಿ ಲಸಿಕಿ ವರ್ಷಕ್ಕ ಎರಡು ಸಲ, ಆಡಿಗೆ ಪಿಪಿಆರ್ (ಆಡು-ಕುರಿ ಪ್ಲೇಗ್) ಲಸಿಕಿ. ಕಿವಿಗೆ 12 ಅಂಕಿ ಗುರುತಿನ ಬಿಲ್ಲೆ ಇಲ್ಲಂದ್ರ ದವಾಖಾನಿಯವ್ರಿಗೆ ಹೇಳಿ ಹಾಕಸ್ರಿ. ರಾತ್ರಿ ದನಾ ಬಿದ್ದು ಏಳವಲ್ದು ಅಂದ್ರ ಅವಾಗ ನಂಬರ್ ಹುಡುಕಬ್ಯಾಡ್ರಿ, ಊರ ಡಾಕ್ಟರ್ ಫೋನ್ ಮೊದಲ ಇಟ್ಕೊಂಡಿರ್ರಿ. ಪಶು ಆಂಬುಲೆನ್ಸಿಗೆ 1962.

ಮತ್ತ ಮಂದಿ ಪುಣ್ಯ ಬರ್ತದಂತ ಮದುವಿ ಮನ್ಯಾಗ ಉಳದ ಅನ್ನ, ಹೋಳಗಿ ಗಾಡಿಗಟ್ಲೆ ತರ್ತಾರ, ಕೈಮುಗದು ವಾಪಸ್ ಕಳಸ್ರಿ. ಅನ್ನ ಒಮ್ಮೆಲೆ ಹೊಟ್ಟಿಗೆ ಹ್ವಾದ್ರ ಹುಳಿಯಾಗಿ ಮೆಲಕ ನಿಂತು ಒಂದ ದಿನದಾಗ ಸಾಯ್ತಾವು, ಉಪವಾಸ ಇದ್ದು ಬಂದ ದನಕ್ಕಂತೂ ಜ್ವಾಳ, ಹಿಂಡಿನೂ ಸಾವಕಾಶ ರೂಢಿ ಮಾಡಬೇಕು. ಮಳಿ ಕೈಕೊಟ್ಟು ಬಾಡಿದ ಎಳಿ ಜೋಳದ ಬೆಳಿಗೆ ಬಾಯಿ ಹಾಕಾಕೂ ಬಿಡಬ್ಯಾಡ್ರಿ, ಅದರಾಗ ವಿಷ ಇರ್ತದ.

ಗದಗದಿಂದ:
ಗಾಡಿ ಹಿಡದಾಗ ಸಿಕ್ಕ ಎತ್ತು ಅಂದ್ರೆಲ್ಲ, ಅದು ಕೇಸ್ ಮುಗಿಯೂತನ ನಿಮ್ಮದಲ್ರಿ. 2017ರ ಕೇಂದ್ರದ ನಿಯಮದ ಪ್ರಕಾರ ಅಲ್ಲೀತನ ಗೋಶಾಲೆಗೋ ಪ್ರಾಣಿ ದಯಾ ಸಂಸ್ಥೆಗೋ ನೋಡ್ಕೊಳ್ಳಾಕ ಕೊಡ್ತಾರ, ಆರೋಪಿ ಬಿಡುಗಡಿ ಆದ್ರ ವಾಪಸ್ ಕೇಳಬಹುದು. ಹಿಂಗಾಗಿ ಒಪ್ಪಿಸಿದ ಕಾಗದ, ಕಿವಿ ನಂಬರ್, ಫೋಟೋ, ಖರ್ಚಿನ ಚೀಟಿ ಎಲ್ಲಾ ಇಟ್ಕೊರಿ, ಮನಿ ಹೆಸರಿಲೆ ತಗೋಳೂಕಿಂತ ಸಂಸ್ಥೆ ಹೆಸರಿಲೆ ತಗೊರಿ.

ಪ್ಯಾಟಿ ಆಕಳಾ ತಗೊಂಡ್ರ ಹೊಟ್ಟ್ಯಾಗ ಪ್ಲಾಸ್ಟಿಕ್ ಇದ್ದಿದ್ದ, ಆಪರೇಷನ್ ಮಾಡಿ ತೆಗೀಬಹುದು, ನಮ್ಮ ಗದಗದಾಗ ವೆಟರ್ನರಿ ಕಾಲೇಜ್ ಐತಿ, ವಿಚಾರಸ್ರಿ. ಒಂದು ಸಲ ಹೆಸರಾತಂದ್ರ ಮಂದಿ ರಾತ್ರೋರಾತ್ರಿ ಗೇಟಿಗೆ ಕಟ್ಟಿ ಹೋಗ್ತಾರ್ರಿ, ಬೆಳಿಗ್ಗೆ ಎದ್ದು ನೋಡಿದ್ರ ಎರಡು ಕರ ನಿಂತಿರ್ತಾವು. ಇಷ್ಟ ಅಂದ್ರ ಇಷ್ಟ ಅಂತ ಒಂದು ಸಂಖ್ಯೆ ಹಾಕ್ಕೊರಿ. ಇಲ್ಲಾ ಅನ್ನಾಕ ಬರದವ್ರು ಇದಕ್ಕ ಕೈ ಹಾಕಬಾರ್ದು, ಇದು ನನ್ನ ಅಭಿಪ್ರಾಯ, ಬೈಯೂದಿದ್ರ ಬೈರಿ.

ಧಾರವಾಡದಿಂದ:
ಎರಿ ಮಣ್ಣು ಮಳಿಗಾಲದಾಗ ಮೊಣಕಾಲತನ ರಾಡಿ, ಗೊರಸು ಕೊಳೀತಾವು. ಗರಸು ಹಾಕಿ ಎತ್ತರ ಮಾಡ್ರಿ, ನುಣುಪು ಶಹಾಬಾದ್ ಪರಸಿ ಕಲ್ಲು ಮಾತ್ರ ಬ್ಯಾಡ, ಮುದಿ ಎತ್ತು ಜಾರಿ ಬಿದ್ರ ಎಬ್ಬಸೂದು ಕಷ್ಟ. ಬ್ರಾಯ್ಲರ್ ಕೋಳಿ ಆರು ವಾರದಾಗ ಎರಡು ಕೆಜಿ ಆಗೂ ಹಂಗ ಮಾಡಿದ ತಳಿ, ತಿಂದಷ್ಟೂ ಹಾಕಿದ್ರ ಕಾಲು ಸೋತು, ಹೃದಯ ನಿಂತು ಹೋಗ್ತಾವು, ಅಳದು ಹಾಕ್ರಿ, ಓಡಾಡಾಕ ಬಿಡ್ರಿ. ದೊಡ್ಡ ದನಾ ಸತ್ರ ಹುಗಿಯಾಕ ಬೋರಿನಿಂದ ದೂರ ಜಾಗಾ, ಸುಣ್ಣ, ಜೆಸಿಬಿಯವನ ನಂಬರ್ ಮೊದಲ ಇರ್ಲಿ.

ಕುಂದಗೋಳದವ್ರು:
ಭಾಳ ಉಪಕಾರ ಆತ್ರಿ ಎಲ್ಲಾರಿಂದ. ಕೋಳಿ, ಆಡಿನ ವಿಚಾರ ಸದ್ಯಕ್ಕ ಬಿಟ್ಟೆ. ಎರಡು ಎತ್ತು, ಎರಡು ಕರ, ಅಷ್ಟ. ಹಬ್ಬಕ್ಕ ಮಕ್ಕಳು ಬರ್ತಾರ, ಟ್ರಸ್ಟಿನ ಮಾತು ಅವಾಗ ತೆಗೀತೀನಿ. ನವಲಗುಂದದವ್ರ, ಕಣಕಿ ಟ್ರ್ಯಾಕ್ಟರ್ ಲೆಕ್ಕದಾಗ ಕೊಡ್ತಾರೋ ಸೂಡಿನ ಲೆಕ್ಕದಾಗೋ, ಮತ್ತ ಕುಂದಗೋಳತನ ಬಾಡಿಗಿ ಯಾರು ಕೊಡಬೇಕ್ರಿ?